ದೂರದ ಗುರಿ, ಹತ್ತಿರದ ಅಭ್ಯಾಸ

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವ ಹುಲ್ಲುಬಯಲಿನ ತುದಿಯಲ್ಲಿ, ಮಣ್ಣಿನ ದಿಬ್ಬದ ಮುಂದೆ, ಸಾಲಾಗಿ ನಿಂತಿರುವ ಚಿಕ್ಕ ಬಿಳಿ ಚೌಕಗಳನ್ನು ಗಮನಿಸಿ. ಅವು ಒಂದೊಂದೂ ಆಳೆತ್ತರದ ಗುರಿಫಲಕಗಳು. ನಾನು ಮಲಗಿರುವ ಫೈರಿಂಗ್ ಪಾಯಿಂಟಿನಿಂದ ಅವುಗಳಿಗೆ 1000 ಗಜ, ಅಂದರೆ 914 ಮೀಟರ್ ದೂರ. .308 ವಿಂಚೆಸ್ಟರ್ ತೋಟಾದ ಗುಂಡು ಅಲ್ಲಿಗೆ ತಲುಪಲು ಒಂದೂವರೆ ಸೆಕೆಂಡಿಗಿಂತಲೂ ಹೆಚ್ಚು ಕಾಲ ಬೇಕು. ನೂರು ಗಜಕ್ಕೆ ಸರಿಹೊಂದಿಸಿದ ರೈಫಲನ್ನು ಹಾಗೆಯೇ ಹಿಡಿದು ಹೊಡೆದರೆ ಆ ಗುಂಡು ಗುರಿಗಿಂತ ಸುಮಾರು 10 ಮೀಟರ್ ಕೆಳಗೆ ಬಿದ್ದುಹೋಗುತ್ತದೆ. ಇಷ್ಟು ದೂರದ ಒಂದು ಫಲಕದ ನಡುವಣ ಕಪ್ಪು ವೃತ್ತಕ್ಕೆ, ಗಾಳಿ ಬೀಸುತ್ತಿರುವಾಗಲೂ, ಮತ್ತೆ ಮತ್ತೆ ಗುಂಡು ತಲುಪಿಸುವುದು ಮನುಷ್ಯನಿಗೆ ಸಾಧ್ಯ ಎಂಬ ಸಂಗತಿಯೇ ನನ್ನನ್ನು ಈ ಕ್ರೀಡೆಗೆ ಸೆಳೆದದ್ದು, ಇಂದಿಗೂ ಹಿಡಿದಿಟ್ಟಿರುವುದು.

ಆದರೆ ಈ ಸಂಚಿಕೆಯ ಬಹುಭಾಗ ಸಾವಿರ ಗಜದ ಕುರಿತಾಗಿಲ್ಲ. ದೂರವು ಹೊಸ ತಪ್ಪುಗಳನ್ನು ಹುಟ್ಟಿಸುವುದು ಕಡಿಮೆ. ಹತ್ತಿರದಲ್ಲಿ ಕಣ್ಣಿಗೆ ಬೀಳದ ತಪ್ಪುಗಳನ್ನೇ ಅದು ದೊಡ್ಡದು ಮಾಡಿ ತೋರಿಸುತ್ತದೆ. ಇದರ ಲೆಕ್ಕ ಬಹಳ ಸರಳ. ಒಂದು ಮೀಟರ್ ಉದ್ದದ ರೈಫಲಿನ ತುದಿ, ಟ್ರಿಗರ್ ಒತ್ತುವ ಕ್ಷಣದಲ್ಲಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಸಾವಿರ ಮೀಟರ್ ಆಚೆ ಗುಂಡು ಒಂದು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಅದೇ ತಪ್ಪು ಹತ್ತು ಮೀಟರಿನಲ್ಲಿ ಕೇವಲ ಒಂದು ಸೆಂಟಿಮೀಟರ್. ಆದ್ದರಿಂದ ದೂರದ ಕೌಶಲ ಬೇಕೆನ್ನುವವರು ಅದನ್ನು ಹತ್ತಿರದಲ್ಲಿಯೇ ಕಟ್ಟಿಕೊಳ್ಳಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲಿಗೆ ಸುರಕ್ಷತೆ. ಪ್ರತಿಯೊಂದು ರೈಫಲನ್ನೂ ತೋಟಾ ತುಂಬಿದ್ದೆಂದೇ ಭಾವಿಸಬೇಕು, ನಳಿಗೆಯನ್ನು ಗುಂಡು ತಗುಲಬಾರದ ಯಾವುದರ ಕಡೆಗೂ ತಿರುಗಿಸಬಾರದು, ಗುರಿಯ ಮೇಲೆ ದೃಷ್ಟಿ ನಿಲ್ಲುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು, ಗುರಿ ಯಾವುದು ಮತ್ತು ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ತಿಳಿದಿರಬೇಕು. .308ರಂಥ ರೈಫಲಿನ ಸದ್ದು 140 ಡೆಸಿಬೆಲ್‌ಗಿಂತ ಹೆಚ್ಚಿರುತ್ತದೆ; ಒಂದೇ ಹೊಡೆತವೂ ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು. ಆದ್ದರಿಂದ ಕಿವಿರಕ್ಷಕ ಧರಿಸದೆ ಯಾರೂ ರೇಂಜಿನ ಗೆರೆಯ ಬಳಿಗೆ ಬರಬಾರದು. ಪರವಾನಗಿ, ಅಧಿಕೃತ ರೇಂಜ್, ಅರ್ಹ ತರಬೇತುದಾರ ಇವು ಮೂರೂ ಇಲ್ಲದೆ ಈ ಅಭ್ಯಾಸವನ್ನು ಆರಂಭಿಸುವ ಪ್ರಶ್ನೆಯೇ ಇಲ್ಲ.

ಈಗ ಮಲಗಿ ಹೊಡೆಯುವ ಭಂಗಿಯನ್ನು ನೋಡಿ. ಹೊಸಬರು ಇಲ್ಲಿ ಮಾಡುವ ಪ್ರಯತ್ನವೆಲ್ಲ ರೈಫಲನ್ನು ತೋಳಿನ ಬಲದಿಂದ ಗುರಿಯ ಕಡೆಗೆ ಒತ್ತಿ ಹಿಡಿಯುವುದು. ಸ್ನಾಯು ದಣಿಯುತ್ತದೆ, ನಡುಗುತ್ತದೆ, ಟ್ರಿಗರ್ ಬಿದ್ದ ಕ್ಷಣದಲ್ಲಿ ಸಡಿಲಗೊಂಡು ರೈಫಲನ್ನು ತನಗೆ ಬೇಕಾದ ಕಡೆಗೆ ಬಿಟ್ಟುಬಿಡುತ್ತದೆ. ಮೂಳೆಯ ಆಧಾರದ ಮೇಲೆ ರೈಫಲನ್ನು ನಿಲ್ಲಿಸಿ, ದೇಹ ಪೂರ್ತಿ ಸಡಿಲವಾಗಿದ್ದಾಗ ನಳಿಗೆ ತಾನಾಗಿಯೇ ಎತ್ತ ನೋಡುತ್ತದೆಯೋ ಅದನ್ನು ಸಹಜ ಗುರಿಬಿಂದು ಎನ್ನುತ್ತಾರೆ. ಅದನ್ನು ಪರೀಕ್ಷಿಸುವ ವಿಧಾನ ಹೀಗಿದೆ: ಗುರಿ ಹಿಡಿಯಿರಿ, ಕಣ್ಣು ಮುಚ್ಚಿ, ಎರಡು ಮೂರು ಬಾರಿ ನಿಧಾನವಾಗಿ ಉಸಿರಾಡಿ, ಕಣ್ಣು ತೆರೆಯಿರಿ. ಸ್ಕೋಪಿನ, ಅಂದರೆ ರೈಫಲಿನ ಮೇಲಿನ ದುರ್ಬೀನಿನ, ಗುರಿಗೆರೆಗಳು ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಅವನ್ನು ಎಳೆದು ತರಬೇಡಿ. ಸೊಂಟವನ್ನೋ ಕಾಲನ್ನೋ ಸ್ವಲ್ಪ ಸರಿಸಿ ಇಡೀ ದೇಹವನ್ನೇ ತಿರುಗಿಸಿ. ಈ ಪರೀಕ್ಷೆಯನ್ನು ನಾನು ಪ್ರತಿ ಸರಣಿಯ ಮೊದಲೂ ಮಾಡುತ್ತೇನೆ, ಮೊಣಕೈ ಸ್ವಲ್ಪ ಕದಲಿದರೂ ಮತ್ತೆ ಮಾಡುತ್ತೇನೆ. ಇದರಷ್ಟು ಬೇಗ ಫಲ ಕೊಡುವ ಇನ್ನೊಂದು ಅಭ್ಯಾಸವನ್ನು ನಾನು ಕಂಡಿಲ್ಲ.

ಉಸಿರು ಹೊರಹೋದ ಬಳಿಕ, ಮುಂದಿನ ಉಸಿರು ಬೇಕೆನಿಸುವ ಮೊದಲು, ಎದೆ ಚಲನೆಯಿಲ್ಲದೆ ನಿಲ್ಲುವ ಕೆಲವು ಸೆಕೆಂಡುಗಳ ವಿರಾಮವಿದೆ. ಹೊಡೆತ ಆ ವಿರಾಮದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಉಸಿರು ಬಿಗಿಹಿಡಿದು ಕಾಯುವುದಕ್ಕಿಂತ ಬೆರಳು ತೆಗೆದು ಹೊಸದಾಗಿ ಆರಂಭಿಸುವುದೇ ಸರಿ. ಆಮ್ಲಜನಕ ಕಡಿಮೆಯಾದಂತೆ ದೃಷ್ಟಿ ಮಂಕಾಗುತ್ತದೆ, ಹೃದಯದ ಮಿಡಿತ ಸ್ಕೋಪಿನಲ್ಲಿ ಕಾಣತೊಡಗುತ್ತದೆ. ಟ್ರಿಗರನ್ನು ನೇರವಾಗಿ ಹಿಂದಕ್ಕೆ, ಒತ್ತಡವನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಒತ್ತಬೇಕು. ಗುಂಡು ಹಾರಿದ ಮೇಲೂ ಬೆರಳನ್ನು ಹಾಗೆಯೇ ಹಿಡಿದು, ಕಣ್ಣನ್ನು ಸ್ಕೋಪಿನಲ್ಲಿಯೇ ಇರಿಸಿ, ಏನಾಯಿತೆಂದು ನೋಡುತ್ತಿರಬೇಕು.

ಇಲ್ಲಿಂದಲೇ ಈ ವಿದ್ಯೆಯ ತಿರುಳು ಆರಂಭವಾಗುತ್ತದೆ. ಹೊಡೆತ ಹೊರಟ ಕ್ಷಣದಲ್ಲಿ ಗೆರೆಗಳು ಎಲ್ಲಿದ್ದವು ಎಂಬುದನ್ನು ಕಂಡು, ಫಲಕದ ಕಡೆ ನೋಡುವ ಮೊದಲೇ, ಗುಂಡು ಎಲ್ಲಿ ಬಿದ್ದಿರಬೇಕೆಂದು ಬಾಯಿಬಿಟ್ಟು ಹೇಳುವುದನ್ನು ಶೂಟರ್‌ಗಳು ಶಾಟ್ ಕಾಲ್ ಮಾಡುವುದು ಎನ್ನುತ್ತಾರೆ. ‘ಮಧ್ಯದಿಂದ ಬಲಕ್ಕೆ, ಸ್ವಲ್ಪ ಮೇಲೆ’ ಎಂದು ಹೇಳಿ, ಬಳಿಕ ಫಲಕವನ್ನು ನೋಡಿದಾಗ ಗುಂಡು ಅಲ್ಲಿಯೇ ಇದ್ದರೆ ಆ ಹೊಡೆತಕ್ಕೆ ಅಂಕ ಕಡಿಮೆ ಬಂದರೂ ಅದು ನಿಮಗೆ ಅರ್ಥವಾದ ಹೊಡೆತ. ಹೇಳಿದ್ದು ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆಯಾದರೆ, ಅದು ಅಕಸ್ಮಾತ್ತಾಗಿ ನಡುವಿಗೇ ಬಿದ್ದಿದ್ದರೂ, ಗಾಳಿಯನ್ನೋ ರೈಫಲನ್ನೋ ನಮ್ಮ ಕಣ್ಣನ್ನೋ ಪ್ರಶ್ನಿಸಲೇಬೇಕು. ಸಾವಿರ ಗಜದಲ್ಲಿ ಗುಂಡು ಪಕ್ಕಕ್ಕೆ ಬಿದ್ದಾಗ ಅದು ಗಾಳಿಯ ಕೆಲಸವೋ ನಮ್ಮ ಬೆರಳಿನ ಕೆಲಸವೋ ಎಂದು ಬೇರ್ಪಡಿಸಲು ಇದರ ಹೊರತು ಬೇರೆ ದಾರಿಯಿಲ್ಲ. ಬೆರಳಿನ ತಪ್ಪನ್ನು ಗಾಳಿಯ ಲೆಕ್ಕಕ್ಕೆ ಬರೆದು ಸ್ಕೋಪಿನ ತಿರುಗಣೆಯಿಂದ ಗುರಿ ತಿದ್ದಿದವರ ಮುಂದಿನ ಹೊಡೆತವೂ ದಾರಿ ತಪ್ಪುತ್ತದೆ.

ಇದನ್ನು ಕಲಿಯಲು ಗುಂಡೇ ಬೇಕೆಂದಿಲ್ಲ. ರೈಫಲ್ ಖಾಲಿಯಿದೆಯೆಂದು ಎರಡೆರಡು ಬಾರಿ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತವಾದ ಗೋಡೆಯ ಕಡೆಗೆ ಮಾಡುವ ಡ್ರೈ ಫೈರಿಂಗ್ ಅಭ್ಯಾಸದಲ್ಲಿ ಸದ್ದೂ ಇಲ್ಲ, ಒದೆತವೂ ಇಲ್ಲ. ಟ್ರಿಗರ್ ಬಿದ್ದಾಗ ಗೆರೆಗಳು ಮಿಸುಕಿದರೆ ತಪ್ಪು ಮರೆಯಾಗಲು ಯಾವ ಜಾಗವೂ ಉಳಿಯುವುದಿಲ್ಲ. ಚಿಕ್ಕ ತೋಟಾ ಬಳಸುವ .22 ರೈಫಲುಗಳಲ್ಲಿ ಕೆಲವು ಖಾಲಿ ಹೊಡೆತಕ್ಕೆ ತಕ್ಕವಲ್ಲವಾದ್ದರಿಂದ ಅವುಗಳಿಗೆ ಮದ್ದಿಲ್ಲದ ಡಮ್ಮಿ ತೋಟಾ ಬಳಸಬೇಕು. ರೇಂಜಿನಲ್ಲಿ ಜೊತೆಗಾರರೊಬ್ಬರು ನಿಮಗೆ ತಿಳಿಯದಂತೆ ನಿಜವಾದ ತೋಟಾಗಳ ನಡುವೆ ಡಮ್ಮಿಗಳನ್ನು ಬೆರೆಸಿ ಕೊಟ್ಟರೆ, ಒದೆತವನ್ನು ನಿರೀಕ್ಷಿಸಿ ಹೆಗಲು ಬಿಗಿಯುವ ಅಭ್ಯಾಸ ನಿಮಗಿದೆಯೇ ಎಂಬುದು ಮೊದಲ ಡಮ್ಮಿಯಲ್ಲಿಯೇ ಬಯಲಾಗುತ್ತದೆ.

ಮುಂದಿನ ಗುರುವಾಗಿ ನಾನು ಸೂಚಿಸುವುದು 1887ರಿಂದ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾವನ್ನು. ಅದರ ಒದೆತ ಇಲ್ಲವೆನ್ನುವಷ್ಟು ಕಡಿಮೆ, ವೆಚ್ಚವೂ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಅದರ ಸ್ಪರ್ಧಾ ತೋಟಾಗಳ ಗುಂಡು ಶಬ್ದದ ವೇಗದ ಆಸುಪಾಸಿನಲ್ಲಿಯೇ ಹೊರಡುವುದರಿಂದ ಗಾಳಿ ಅದನ್ನು ಬಹಳ ಸುಲಭವಾಗಿ ತಳ್ಳುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ ನೂರು ಮೀಟರಿನಲ್ಲಿಯೇ ಅದನ್ನು 10 ಸೆಂಟಿಮೀಟರಿಗೂ ಹೆಚ್ಚು ಸರಿಸಿಬಿಡುತ್ತದೆ. ದೊಡ್ಡ ರೈಫಲಿನಲ್ಲಿ ಬಹುದೂರ ಹೋದ ಮೇಲೆ ಸಿಗುವ ಪಾಠ ಇಲ್ಲಿ ನೂರು ಮೀಟರಿನಲ್ಲಿಯೇ ದೊರೆಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ 50 ಮೀಟರ್ ರೈಫಲ್ ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಅದನ್ನು ನಿರಂತರವಾಗಿ ಮುಟ್ಟುವವರನ್ನು ನೋಡಿದರೆ ಹತ್ತಿರದ ಗುರಿ ಸುಲಭವೆಂಬ ಭಾವನೆ ತಾನಾಗಿ ಅಳಿಯುತ್ತದೆ.

ಅಳತೆಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಿಲ್ ಎಂಬ ಕೋನಮಾನ ನೂರು ಮೀಟರಿನಲ್ಲಿ 10 ಸೆಂಟಿಮೀಟರ್, ಸಾವಿರ ಮೀಟರಿನಲ್ಲಿ ಒಂದು ಮೀಟರ್. ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಮಿನಿಟ್ ನೂರು ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಯಾವುದನ್ನು ಬಳಸಿದರೂ ಆಗುತ್ತದೆ, ಆದರೆ ಸ್ಕೋಪಿನ ಒಳಗಿನ ಗೆರೆಗಳೂ ಹೊರಗಿನ ತಿರುಗಣೆಯೂ ಒಂದೇ ಮಾನದಲ್ಲಿರಬೇಕು. ಗುಂಡಿನ ವೇಗವನ್ನು ಕ್ರೋನೋಗ್ರಾಫಿನಲ್ಲಿ ಅಳೆದು, ಗುಂಡಿನ ಹಾದಿಯನ್ನು ಲೆಕ್ಕಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ಗೆ ಕೊಟ್ಟರೆ ಇಳಿತದ ಲೆಕ್ಕ ಸಿಗುತ್ತದೆ. ತೋಟಾದಿಂದ ತೋಟಾಕ್ಕೆ ವೇಗ ಸೆಕೆಂಡಿಗೆ ಹತ್ತು ಮೀಟರಿನಷ್ಟು ವ್ಯತ್ಯಾಸವಾದರೂ ಸಾವಿರ ಗಜದಲ್ಲಿ .308ರ ಗುಂಡು ಕಾಲು ಮೀಟರಿನಷ್ಟು ಮೇಲೆ ಕೆಳಗಾಗುತ್ತದೆ. ಒಂದೇ ಬಗೆಯ ತೋಟಾಗಳಿಗೆ ಶೂಟರ್‌ಗಳು ಅಷ್ಟೊಂದು ಮಹತ್ವ ಕೊಡುವುದು ಇದೇ ಕಾರಣಕ್ಕೆ. ಗುರುತ್ವವನ್ನು ಹೀಗೆ ಲೆಕ್ಕಕ್ಕೆ ಕಟ್ಟಿಹಾಕಬಹುದು. ಗಾಳಿ ಹಾಗಲ್ಲ.

ಇದೇ .308ರ ಗುಂಡನ್ನು ಗಂಟೆಗೆ 16 ಕಿಲೋಮೀಟರ್ ವೇಗದ ನೇರ ಅಡ್ಡಗಾಳಿ ಸಾವಿರ ಗಜದಲ್ಲಿ ಎರಡು ಮೀಟರಿಗೂ ಹೆಚ್ಚು ತಳ್ಳುತ್ತದೆ. ಗಾಳಿ ಗುರಿಯ ದಿಕ್ಕಿಗೆ 30 ಡಿಗ್ರಿ ಕೋನದಲ್ಲಿ ಬೀಸಿದರೆ ಅದರ ಪರಿಣಾಮ ಅರ್ಧ, 45 ಡಿಗ್ರಿಯಾದರೆ ಸುಮಾರು ಶೇ. 70. ಆದರೆ ಒಂದೇ ಗಾಳಿ ದಾರಿಯುದ್ದಕ್ಕೂ ಇರುವುದು ಅಪರೂಪ. ನಮ್ಮ ಬಳಿ ಎಡದಿಂದ, ನಡುವೆ ಏನೂ ಇಲ್ಲದೆ, ಫಲಕದ ಬಳಿ ಬಲದಿಂದ ಬೀಸುತ್ತಿರಬಹುದು. ಗಾಳಿ ತಿಳಿಯಲು ರೇಂಜಿನಲ್ಲಿ ನೆಟ್ಟಿರುವ ಬಾವುಟಗಳನ್ನು ಓದುವಾಗ ಎರಡು ಸಂಗತಿಗಳು ನೆನಪಿರಬೇಕು. ನಮ್ಮ ಹತ್ತಿರದ ಗಾಳಿ ಗುಂಡಿನ ದಿಕ್ಕನ್ನೇ ಆರಂಭದಲ್ಲಿ ಬದಲಿಸುವುದರಿಂದ ಆ ತಪ್ಪು ಉಳಿದ ದಾರಿಯುದ್ದಕ್ಕೂ ಬೆಳೆಯುತ್ತದೆ. ಇನ್ನೊಂದು, ಗುಂಡು ನಡುದಾರಿಯಲ್ಲಿ ನಮ್ಮ ದೃಷ್ಟಿರೇಖೆಗಿಂತ ಮೂರು ಮೀಟರಿಗೂ ಹೆಚ್ಚು ಎತ್ತರದಲ್ಲಿ ಸಾಗುತ್ತದೆ, ಅಲ್ಲಿಯ ಗಾಳಿ ನೆಲಮಟ್ಟದ ಗಾಳಿಗಿಂತ ಬಿರುಸಾಗಿರುತ್ತದೆ.

ಈಗ ಈ ದೃಶ್ಯವನ್ನು ನೋಡಿ, ಇದು ನನಗೆ ಅತ್ಯಂತ ಪ್ರಿಯವಾದದ್ದು. ಫಲಕವನ್ನು ನೋಡಲು ಪಕ್ಕದಲ್ಲಿಟ್ಟುಕೊಳ್ಳುವ ಬಿಡಿ ದುರ್ಬೀನಾದ ಸ್ಪಾಟಿಂಗ್ ಸ್ಕೋಪಿನ ಫೋಕಸನ್ನು ಫಲಕದ ಮೇಲಿನಿಂದ ಸ್ವಲ್ಪ ಈಚೆಗೆ ತಂದಾಗ ಕಾಣುವ ಬಿಸಿಲ್ಗುದುರೆ ಇದು. ಕಾದ ನೆಲದಿಂದ ಏಳುವ ಗಾಳಿಯ ಅಲೆಗಳು ತೆಳುವಾದ ಹೊಳೆನೀರಿನಂತೆ ಎಡದಿಂದ ಬಲಕ್ಕೆ ಹರಿಯುತ್ತಿವೆ. ಅಲೆ ಓರೆಯಾಗಿ ಏಳುತ್ತಿದ್ದರೆ ಅಡ್ಡಗಾಳಿ ಮೆಲ್ಲಗಿದೆ. ಚಪ್ಪಟೆಯಾಗಿ ಮಲಗಿ ಓಡುತ್ತಿದ್ದರೆ ಬಿರುಸಾಗಿದೆ. ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಆ ಕ್ಷಣದಲ್ಲಿ ಅಡ್ಡಗಾಳಿ ಇಲ್ಲ. ಹಾಗೆ ಕುದಿಯುವಾಗ ಹೊಡೆಯಬೇಕೆನಿಸುವುದು ಸಹಜ. ಆದರೆ ಅದು ಬಹಳ ಸಲ ಗಾಳಿ ದಿಕ್ಕು ಬದಲಿಸುವ ಹೊತ್ತು. ಹೆಚ್ಚು ಹೊತ್ತು ನೆಲೆಸುವ ಗಾಳಿ ಯಾವುದೆಂದು ಗುರುತಿಸಿ, ಅದು ಮರಳಿ ಬರುವವರೆಗೆ ಕಾದು ಹೊಡೆಯುವವರು, ಪ್ರತಿ ಬದಲಾವಣೆಯ ಹಿಂದೆ ಓಡುವವರಿಗಿಂತ ಚೆನ್ನಾಗಿ ಹೊಡೆಯುವುದನ್ನು ನಾನು ಬಹಳ ಬಾರಿ ನೋಡಿದ್ದೇನೆ. ಗಂಟೆಗಟ್ಟಲೆ ಒಂದು ಗುಂಡನ್ನೂ ಹಾರಿಸದೆ ಈ ಅಲೆಗಳನ್ನು ನೋಡುತ್ತಾ, ಈಗ ಎಷ್ಟು ತಿದ್ದುವೆನೆಂದು ಬರೆದುಕೊಂಡು, ಪಕ್ಕದ ಶೂಟರ್‌ನ ಗುಂಡು ಎಲ್ಲಿ ಬಿದ್ದಿತೆಂಬುದರೊಂದಿಗೆ ಹೋಲಿಸುವುದು ಖರ್ಚಿಲ್ಲದ, ಆದರೆ ಬಹಳ ಜನ ಮಾಡದ ಅಭ್ಯಾಸ.

ಬರೆದುಕೊಳ್ಳುವ ಮಾತು ಬಂದದ್ದರಿಂದ ಲಾಗ್‌ಬುಕ್ಕಿನ ಪುಟವನ್ನೂ ತೋರಿಸುತ್ತೇನೆ. ದೂರ, ತಾಪಮಾನ, ಗಾಳಿಯ ಅಂದಾಜು, ಸ್ಕೋಪಿನ ಸ್ಥಿತಿ, ಹೇಳಿದ ಹೊಡೆತ, ಬಿದ್ದ ಹೊಡೆತ. ಕೊನೆಯ ಎರಡು ಅಂಕಣಗಳು ಅಕ್ಕಪಕ್ಕದಲ್ಲಿರಬೇಕು. ಇವುಗಳ ನಡುವಣ ಅಂತರ ತಿಂಗಳಿಂದ ತಿಂಗಳಿಗೆ ಕಿರಿದಾಗುವುದನ್ನು ಕಾಣುವ ಸಂತೋಷವನ್ನು ನಾನು ಯಾವ ಪದಕದ ಸಂತೋಷಕ್ಕೂ ಕಡಿಮೆಯೆಂದು ಎಣಿಸುವುದಿಲ್ಲ.

ಸಲಕರಣೆಯ ಮೋಹ ಇದಕ್ಕೆ ಅಡ್ಡ ಬರಬಾರದು. 1876ರಲ್ಲಿ ಆರಂಭವಾದ ಪಾಲ್ಮಾ ಸ್ಪರ್ಧೆಯಲ್ಲಿ 800, 900 ಮತ್ತು 1000 ಗಜಗಳಿಂದ ಹೊಡೆಯುತ್ತಾರೆ. ಅಲ್ಲಿ ದುರ್ಬೀನು ಇಲ್ಲ, ನಳಿಗೆಗೆ ಊರುಗೋಲಿಲ್ಲ, ಮಲಗಿದ ದೇಹ ಮತ್ತು ಚರ್ಮದ ಪಟ್ಟಿಯ ಆಧಾರ ಮಾತ್ರ. ಮೊದಲ ರೈಫಲಿಗೆ ಬೆಲೆಬಾಳುವ ಸ್ಕೋಪ್ ಹುಡುಕುವ ಹಣವನ್ನು ತೋಟಾಗಳಿಗೂ ತರಬೇತಿಗೂ ಇಡುವುದು ಮೇಲು. ಇನ್ನು, ಕಣ್ಣಿನ ಶಕ್ತಿ ಕುಗ್ಗಿದ ಹಿರಿಯರಿಗೂ ದಾರಿ ಮುಚ್ಚಿಲ್ಲ: ಕೆನಡಾದ ಜಾರ್ಜ್ ಫರ್ಕ್ವಾರ್ಸನ್ ಅವರ ಹೆಸರಿನ ಮೊದಲಕ್ಷರವನ್ನು ಹೊತ್ತ ಎಫ್ ಕ್ಲಾಸ್ ವಿಭಾಗದಲ್ಲಿ ಸ್ಕೋಪಿಗೂ ಆಧಾರಕ್ಕೂ ಅವಕಾಶವಿದೆ. 1930ರಲ್ಲಿ ಇಂಗ್ಲೆಂಡಿನ ಬಿಸ್ಲಿಯಲ್ಲಿ ಕಿಂಗ್ಸ್ ಪ್ರೈಜ್ ಎಂಬ ಪ್ರತಿಷ್ಠಿತ ರೈಫಲ್ ಸ್ಪರ್ಧೆಯನ್ನು ಗೆದ್ದ ಮೊದಲ ಮಹಿಳೆ ಮಾರ್ಜೊರಿ ಫಾಸ್ಟರ್. ತೋಳ್ಬಲ ಇಲ್ಲಿ ನಿರ್ಣಾಯಕವಲ್ಲ ಎಂಬುದನ್ನು ಆಕೆ ಅಂದೇ ತೋರಿಸಿಕೊಟ್ಟರು.

ಕೊನೆಯದಾಗಿ, ಎಷ್ಟು ಕಲಿತವರೂ ಬಿಡಬಾರದ ಒಂದು ಕ್ರಮವಿದೆ. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ರೇಂಜಿನಲ್ಲಿ ಅಮೆರಿಕದ ತಂಡ ಐರ್ಲೆಂಡನ್ನು 934–931ರಿಂದ ಸೋಲಿಸಿತು. ಐರಿಷ್ ಶೂಟರ್ ಒಬ್ಬರ ಗುಂಡು ಬೇರೆಯವರ ಫಲಕದ ನಡುವೃತ್ತಕ್ಕೆ ಬಿದ್ದು, ಸಿಗಬೇಕಿದ್ದ ನಾಲ್ಕು ಅಂಕ ಕೈತಪ್ಪಿತ್ತು. ಅಂತರವಿದ್ದದ್ದು ಮೂರೇ ಅಂಕ. 2004ರ ಅಥೆನ್ಸ್ ಒಲಿಂಪಿಕ್ಸ್‌ನ 50 ಮೀಟರ್ ಮೂರು ಭಂಗಿಗಳ ಫೈನಲ್‌ನಲ್ಲಿ ಮುಂದಿದ್ದ ಅಮೆರಿಕದ ಮ್ಯಾಥ್ಯೂ ಎಮ್ಮನ್ಸ್ ಕೊನೆಯ ಗುಂಡನ್ನು ಪಕ್ಕದ ಫಲಕಕ್ಕೆ ಹೊಡೆದರು, ಚಿನ್ನ ಚೀನಾದ ಜಿಯಾ ಝಾನ್‌ಬೋ ಅವರ ಪಾಲಾಯಿತು. ಫಲಕ ತಪ್ಪಿದ ಈ ಇಬ್ಬರೂ ಅಸಾಧಾರಣ ಶೂಟರ್‌ಗಳು. ಆದ್ದರಿಂದ ನನ್ನ ಪ್ರತಿ ಹೊಡೆತದ ಕ್ರಮದಲ್ಲಿ ಮೊದಲ ಕೆಲಸ ಫಲಕದ ಸಂಖ್ಯೆಯನ್ನು ಓದುವುದು. ಸಹಜ ಗುರಿಬಿಂದು, ಗಾಳಿ, ಉಸಿರು, ಬೆರಳು ಎಲ್ಲವೂ ಅದರ ನಂತರ.

ಮುಂದಿನ ಸಂಚಿಕೆಯಲ್ಲಿ 300 ಗಜದಿಂದ 600 ಗಜಕ್ಕೆ ಹೋಗುತ್ತೇವೆ. ಅಷ್ಟರೊಳಗೆ ನೀವು .22 ರೈಫಲಿನಿಂದ ನೂರು ಮೀಟರಿನಲ್ಲಿ ಹೊಡೆದು, ಪ್ರತಿಯೊಂದು ಹೊಡೆತವನ್ನೂ ಮೊದಲು ಹೇಳಿ, ಬರೆದು, ಬಳಿಕವೇ ಫಲಕವನ್ನು ನೋಡಿ. ಮೂರು ಹೊಡೆತಗಳ ಚಿಕ್ಕ ಗುಂಪನ್ನು ನಂಬಬೇಡಿ. ಹತ್ತು ಹೊಡೆತಗಳ ಗುಂಪು ರೈಫಲ್ ಮತ್ತು ನಿಮ್ಮ ಬಗ್ಗೆ ಹೇಳುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಆ ಪುಟಗಳಲ್ಲಿ ನಿಮಗೆ ಅರ್ಥವಾಗದ ಹೊಡೆತಗಳಿದ್ದರೆ ಗಾಳಿಯ ವಿವರದೊಂದಿಗೆ ಬರೆದು ಕಳುಹಿಸಿ, ಅವುಗಳಿಂದಲೇ ಮುಂದಿನ ಪಾಠವನ್ನು ಆರಂಭಿಸುತ್ತೇನೆ.