ಅಳೆಯೋ ಸೇರು ಮೊದಲು ಸರಿಯಿರಲಿ
ಆಂಪ್ಲಿಫೈಯರ್ ಎಸಿಎಲ್‌ಆರ್ ಟೆಸ್ಟಲ್ಲಿ ಫೇಲ್ ಆದ ತಕ್ಷಣ ಎಲ್ಲರೂ ಬೋರ್ಡ್ ಮೇಲೆ ಬೀಳ್ತಾರೆ. (ಮೊಬೈಲ್ ಟವರಿನ ಸಿಗ್ನಲ್ ಪಕ್ಕದ ಚಾನೆಲ್‌ಗೆ ಎಷ್ಟು ಚೆಲ್ಲುತ್ತೆ ಅಂತ ನೋಡೋ ಅಳತೆ ಇದು; ಡಿಬಿ ಹೆಚ್ಚಿದ್ದಷ್ಟೂ ಒಳ್ಳೇದು.) ಬಯಾಸ್ ತಿರುಗಿಸ್ತಾರೆ, ಮ್ಯಾಚಿಂಗ್ ಬದಲಿಸ್ತಾರೆ. ನಾನೂ ಹಾಗೆ ಮೂರು ದಿನ ಕಳೆದಿದ್ದೀನಿ. ಕೊನೆಗೆ ನೋಡಿದರೆ, ಪಕ್ಕದ ಚಾನೆಲ್‌ಗೆ ಚೆಲ್ಲುತ್ತಾ ಇದ್ದದ್ದು ಟೆಸ್ಟ್ ಸಿಗ್ನಲ್ ಕೊಡೋ ಜನರೇಟರೇ. ಸೇರೇ ಸರಿಯಿಲ್ಲದೆ ರಾಗಿ ಅಳೆದಿದ್ದೆ.

ಯಾಕೆ ಹೀಗಾಗುತ್ತೆ? 20 ಮೆಗಾಹರ್ಟ್ಸ್ ಎಲ್‌ಟಿಇ ಸಿಗ್ನಲ್‌ನಲ್ಲಿ (4ಜಿ) 1200 ಸಬ್‌ಕ್ಯಾರಿಯರ್, ಅಂದರೆ ಪುಟ್ಟ ಪುಟ್ಟ ವಾಹಕ ಅಲೆಗಳು, ಇರ್ತವೆ. ಅವುಗಳಲ್ಲಿ ಹಲವು ಒಂದೇ ಕ್ಷಣ ಒಟ್ಟಿಗೆ ಮೇಲೆದ್ದರೆ ಪೀಕ್ ಸರಾಸರಿಗಿಂತ 10 ಡಿಬಿ, ಕೆಲವೊಮ್ಮೆ ಇನ್ನೂ ಹೆಚ್ಚು ಏರುತ್ತೆ. ನೀವು ಸೆಟ್ ಮಾಡೋದು ಸರಾಸರಿ ಪವರ್. ಜನರೇಟರಿನ ಔಟ್‌ಪುಟ್ ಸ್ಟೇಜ್ ಬಳಲೋದು ಪೀಕ್‌ಗೆ. ಬೇಸ್ ಸ್ಟೇಷನ್ನಿಗೆ ಸಾಮಾನ್ಯವಾಗಿ ಬೇಕಾದದ್ದು 45 ಡಿಬಿ ಎಸಿಎಲ್‌ಆರ್. ಜನರೇಟರ್ ಅದಕ್ಕಿಂತ 10 ಡಿಬಿ ಚೆನ್ನಾಗಿದ್ದರೂ, ಅದರದ್ದೂ ಆಂಪ್ಲಿಫೈಯರಿನದ್ದೂ ಡಿಸ್ಟಾರ್ಷನ್ ಒಂದೇ ಫೇಸಲ್ಲಿ ಕೂಡಿದರೆ ಅಳತೆ 2 ಡಿಬಿಗೂ ಹೆಚ್ಚು ತಪ್ಪಬಹುದು. ಎದುರು ಫೇಸಲ್ಲಿ ಸೇರಿದರೆ ಇನ್ನೂ ಅಪಾಯ: ಕೆಟ್ಟ ಆಂಪ್ಲಿಫೈಯರ್ ಪಾಸಾಗಿಬಿಡುತ್ತೆ.

ಜನರೇಟರ್ ಲೆವೆಲ್ 1 ಡಿಬಿ ಇಳಿಸಿ. ಪಕ್ಕದ ಚಾನೆಲ್‌ಗೆ ಚೆಲ್ಲೋ ಅದರ ಥರ್ಡ್ ಆರ್ಡರ್ ಡಿಸ್ಟಾರ್ಷನ್ 3 ಡಿಬಿ ಇಳಿಯುತ್ತೆ, ಅಂದರೆ ಜನರೇಟರಿನ ಎಸಿಎಲ್‌ಆರ್ 2 ಡಿಬಿ ಸುಧಾರಿಸುತ್ತೆ. ಜನರೇಟರಿನ ನಾಯ್ಸ್ ಅಡ್ಡ ಬರೋವರೆಗೆ ಇದು ನಡೆಯುತ್ತೆ. ಕಡಿಮೆಯಾದ ಪವರ್‌ಗೆ ಜನರೇಟರಿನ ನಂತರ ಒಳ್ಳೆ ಲೀನಿಯರ್ ಡ್ರೈವರ್ (ಡಿಸ್ಟಾರ್ಷನ್ ಕಡಿಮೆ ಇರೋ ಚಿಕ್ಕ ಆಂಪ್ಲಿಫೈಯರ್) ಹಾಕಿಕೊಳ್ಳಿ.

ಇನ್ನೊಂದು ದಾರಿ ಇದೆ, ನನ್ನ ತಕರಾರಿರೋದು ಅಲ್ಲೇ. ವೇವ್‌ಫಾರ್ಮ್‌ನ ಪೀಕ್ ಕತ್ತರಿಸಿಬಿಡೋದು. ಬರೀ ಕತ್ತರಿಸಿದರೆ ಆ ಚೂಪು ಅಂಚೇ ಪಕ್ಕದ ಚಾನೆಲ್‌ಗೆ ಚಿಮ್ಮುತ್ತೆ. ಫಿಲ್ಟರ್ ಹಾಕಿದರೆ ಪೀಕ್ ಮತ್ತೆ ಸ್ವಲ್ಪ ಬೆಳೆಯುತ್ತೆ, ಮತ್ತೆ ಕತ್ತರಿಸಬೇಕು. ಪ್ರತಿ ಸುತ್ತಿಗೂ ಇವಿಎಂ, ಅಂದರೆ ಸಿಗ್ನಲ್ ತನ್ನ ಸರಿಯಾದ ಜಾಗದಿಂದ ಎಷ್ಟು ತಪ್ಪಿದೆ ಅನ್ನೋ ಅಳತೆ, ಕೆಡುತ್ತೆ. 64 ಕ್ಯೂಎಎಂ ಅನ್ನೋ ಮಾಡ್ಯುಲೇಷನ್‌ಗೆ ಇರೋ ಮಿತಿ 8 ಶೇಕಡಾ ಮಾತ್ರ. ನಿಮ್ಮ ರೇಡಿಯೋದೊಳಗೇ ಕ್ರೆಸ್ಟ್ ಫ್ಯಾಕ್ಟರ್ ರಿಡಕ್ಷನ್ (ಹೀಗೆ ಪೀಕ್ ತಗ್ಗಿಸೋ ವ್ಯವಸ್ಥೆ) ಇದ್ದರೆ ಅದೇ ಸೆಟ್ಟಿಂಗಿನ ಸಿಗ್ನಲ್ ಕೊಡಿ, ಖಂಡಿತ ಕೊಡಿ. ಇಲ್ಲದಿದ್ದರೆ ಕತ್ತರಿಸಿದ ಸಿಗ್ನಲ್ಲಲ್ಲಿ ಪಾಸ್ ಅನ್ನಬೇಡಿ. ಟವರ್ ಮೇಲೆ ಆ ಆಂಪ್ಲಿಫೈಯರ್‌ಗೆ ಪೂರ್ತಿ ಪೀಕ್ ಬಡಿಯುತ್ತೆ, ಚೆಲ್ಲೋದು ಪಕ್ಕದ ಚಾನೆಲ್ ಬಳಸುವವರ ಮೇಲೆ.

ಅಳೆಯೋ ಸ್ಪೆಕ್ಟ್ರಮ್ ಅನಲೈಸರನ್ನೂ ಬಿಡಬೇಡಿ. ಒಳಬರೋ ಸಿಗ್ನಲ್ ತಗ್ಗಿಸೋ ಅದರ ಅಟೆನ್ಯುಯೇಟರ್ ಕೆಲವು ಡಿಬಿ ಬದಲಿಸಿ ನೋಡಿ. ಎಸಿಎಲ್‌ಆರ್ ಅಲುಗಿದರೆ ನೀವು ಅಳೀತಿರೋದರಲ್ಲಿ ಅನಲೈಸರಿನ ಪಾಲೂ ಇದೆ. ಹಾಗೇ ರಿಪೋರ್ಟಲ್ಲಿ ಎಸಿಎಲ್‌ಆರ್ ಪಕ್ಕ ಇನ್ನೆರಡು ಅಂಕಿ ಬರೆಯಿರಿ: ಸಿಸಿಡಿಎಫ್ 0.01 ಶೇಕಡಾದಲ್ಲಿ (ಅಂದರೆ ಸಿಗ್ನಲ್ 0.01 ಶೇಕಡಾ ಸಮಯ ಮಾತ್ರ ಮೀರೋ ಮಟ್ಟ) ಪೀಕ್ ಸರಾಸರಿಗಿಂತ ಎಷ್ಟು ಮೇಲಿತ್ತು, ಆಂಪ್ಲಿಫೈಯರ್ ಇಲ್ಲದೆ ಜನರೇಟರಿನ ಎಸಿಎಲ್‌ಆರ್ ಎಷ್ಟಿತ್ತು.