ಡಿಸಿ ಹಡಗಿನ ಬಸ್-ಟೈನಲ್ಲಿ ಉಳಿತಾಯ ಬೇಡ

ನಮಸ್ಕಾರ. ನಾರ್ವೆಯಲ್ಲಿ 2013ರಲ್ಲಿ ‘ಡೀನಾ ಸ್ಟಾರ್’ ಎಂಬ ಸರಬರಾಜು ಹಡಗು ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ ಜಾಲದೊಂದಿಗೆ ಸೇವೆಗೆ ಬಂತು. 2015ರಲ್ಲಿ ಬ್ಯಾಟರಿಯಿಂದಲೇ ಓಡುವ ‘ಆಂಪೇರ್’ ದೋಣಿ ಬಂತು. ಡಿಸಿಯಲ್ಲಿ ಆವರ್ತನ (ಸೆಕೆಂಡಿಗೆ ಇಷ್ಟೇ ಅಲೆ ಎಂಬ ಲೆಕ್ಕ) ಕಾಯ್ದುಕೊಳ್ಳುವ ಹಂಗಿಲ್ಲದ್ದರಿಂದ ವಿದ್ಯುತ್ ತಯಾರಿಸುವ ಎಂಜಿನ್ ಅಗತ್ಯಕ್ಕೆ ತಕ್ಕ ವೇಗದಲ್ಲಿ ತಿರುಗಬಹುದು, ಡೀಸೆಲ್ ಉಳಿಯುತ್ತದೆ. ಆದರೆ ಶಾರ್ಟ್ ಸರ್ಕ್ಯೂಟ್ ಆದ ಕ್ಷಣದಲ್ಲಿ ಈ ಜಾಲವನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ಮುಖ್ಯವಾದದ್ದು ಬಸ್-ಟೈ, ಅಂದರೆ ಜಾಲದ ಎರಡು ಬದಿಗಳನ್ನು ಬೆಸೆಯುವ ಕೊಂಡಿ.

60 ಹರ್ಟ್ಸ್‌ನ ಎಸಿಯಲ್ಲಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತಿನಲ್ಲಿ) ಪ್ರವಾಹವು ಸೆಕೆಂಡಿಗೆ 120 ಬಾರಿ ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ; ಪ್ರವಾಹ ಕಡಿಯುವ ಸ್ವಿಚ್ಚಾದ ಬ್ರೇಕರಿನ ತುದಿಗಳು ಬೇರೆಯಾದಾಗ ಅವುಗಳ ನಡುವೆ ಹೊತ್ತಿಕೊಂಡ ಆರ್ಕ್ (ವಿದ್ಯುತ್ ಕಿಡಿ) ಆ ಸೊನ್ನೆಯಲ್ಲಿ ಆರಿಹೋಗುತ್ತದೆ. ಡಿಸಿಗೆ ಆ ಸೊನ್ನೆಯೇ ಇಲ್ಲ. ಮೇಲಾಗಿ, ದೋಷವಾದೊಡನೆ ಜಾಲಕ್ಕೆ ಜೋಡಿಸಿದ ಪ್ರತಿಯೊಂದು ಕನ್ವರ್ಟರಿನ (ವಿದ್ಯುತ್ತಿನ ರೂಪ ಬದಲಿಸುವ ಸಾಧನದ) ಕೆಪಾಸಿಟರ್ ತನ್ನಲ್ಲಿ ಕೂಡಿಟ್ಟ ವಿದ್ಯುತ್ತನ್ನೆಲ್ಲ ಆ ಜಾಗಕ್ಕೆ ಸುರಿಯುತ್ತದೆ. ಯಾಂತ್ರಿಕ ಬ್ರೇಕರ್ ಹತ್ತಾರು ಮಿಲಿಸೆಕೆಂಡು ತೆಗೆದುಕೊಂಡು ತೆರೆದುಕೊಳ್ಳುವಷ್ಟರಲ್ಲಿ ದೋಷವಿಲ್ಲದ ಬದಿಯ ವೋಲ್ಟೇಜೂ ಕುಸಿದು, ಪ್ರೊಪೆಲ್ಲರ್ ತಿರುಗಿಸುವ ಡ್ರೈವ್‌ಗಳು ಒಂದೊಂದಾಗಿ ನಿಂತು, ಇಡೀ ಹಡಗೇ ಕತ್ತಲಾಗಬಹುದು. ಬಂಡೆಗಳ ನಡುವಿನ ಇಕ್ಕಟ್ಟಾದ ಜಲಮಾರ್ಗದಲ್ಲಿ ಹಾಗಾದರೆ ಜೀವಕ್ಕೇ ಸಂಚಕಾರ.

ಇದಕ್ಕೆ ಪರಿಹಾರ ಸಾಲಿಡ್-ಸ್ಟೇಟ್ ಬ್ರೇಕರ್; ಅದರಲ್ಲಿ ಚಲಿಸುವ ಭಾಗವೇ ಇಲ್ಲ. ಅರೆವಾಹಕ ಸಾಧನ ಮೈಕ್ರೊಸೆಕೆಂಡುಗಳಲ್ಲಿ ಪ್ರವಾಹವನ್ನು ತಡೆಯುತ್ತದೆ, ಕೇಬಲಿನಲ್ಲಿ ಉಳಿದ ಶಕ್ತಿಯನ್ನು ವೇರಿಸ್ಟರ್ ಎಂಬ ಬಿಡಿಭಾಗ ಹೀರಿಕೊಳ್ಳುತ್ತದೆ. ಇದಕ್ಕೆ ಬೆಲೆ ತೆರಬೇಕು ಎಂಬುದೂ ನಿಜ: ಸಾಧನದಲ್ಲಿ 2 ವೋಲ್ಟ್ ಕಳೆದುಹೋದರೆ 1000 ಆಂಪಿಯರಿಗೆ 2 ಕಿಲೋವ್ಯಾಟ್ ಶಾಖ, ಅಂದರೆ ಬಚ್ಚಲುಮನೆಯ ಒಂದು ಗೀಸರ್ ಹಗಲೂ ರಾತ್ರಿ ಉರಿದಂತೆ. ತಂಪುಗೊಳಿಸಲು ನೀರು ಹರಿಸಬೇಕು. ಆಫ್ ಆದ ಮೇಲೂ ಅಲ್ಪ ಪ್ರವಾಹ ಸೋರುವುದರಿಂದ, ರಿಪೇರಿಗೆ ಕೈ ಹಾಕುವವರ ರಕ್ಷಣೆಗೆಂದು ಸಂಪರ್ಕವನ್ನು ಪೂರ್ತಿ ಬೇರ್ಪಡಿಸುವ ಪ್ರತ್ಯೇಕ ಐಸೋಲೇಟರ್ ಇರಲೇಬೇಕು.

ಹಾಗಾಗಿ ಎಲ್ಲ ಕಡೆಯೂ ಇದನ್ನೇ ಹಾಕಿ ಎಂದು ನಾನು ಹೇಳುವುದಿಲ್ಲ. ಒಂದೊಂದು ಮೋಟಾರಿನ ಕವಲಿಗೆ ವೇಗದ ಫ್ಯೂಸ್ ಸಾಕು. ಜಾಲದ ಎರಡು ಅರ್ಧಗಳನ್ನು ಬೆಸೆಯುವ ಬಸ್-ಟೈನಲ್ಲಿ ಮಾತ್ರ ರಾಜಿ ಕೂಡದು. ತೈಲ ವೇದಿಕೆಯ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಹಲವು ಹಡಗುಗಳು ದೋಷ ಆಚೆ ಬದಿಗೆ ಹರಡೀತೆಂಬ ಭಯದಿಂದ ಬಸ್-ಟೈ ತೆರೆದಿಟ್ಟು, ಎರಡೂ ಬದಿಯ ಎಂಜಿನ್‌ಗಳನ್ನು ಅರೆಹೊರೆಯಲ್ಲಿ ಓಡಿಸುತ್ತವೆ. ನಂಬಬಹುದಾದ ವೇಗದ ಬ್ರೇಕರ್ ಇದ್ದರೆ ಬಸ್-ಟೈ ಮುಚ್ಚಿಟ್ಟು ಒಂದು ಎಂಜಿನ್ನನ್ನೇ ನಿಲ್ಲಿಸಬಹುದು. ಆ ಡೀಸೆಲ್ಲಿನ ಮುಂದೆ 2 ಕಿಲೋವ್ಯಾಟ್ ಯಾವ ಲೆಕ್ಕ? ಆದರೆ ಆ ನಂಬಿಕೆ ಕಂಪ್ಯೂಟರಿನ ಲೆಕ್ಕಾಚಾರದಿಂದಷ್ಟೇ ಬರಬಾರದು. ಕೆಪಾಸಿಟರ್‌ಗಳೆಲ್ಲ ಚಾರ್ಜ್ ಆಗಿರುವಾಗ, ಹಡಗಿನಲ್ಲೇ, ನಿಜವಾದ ಶಾರ್ಟ್ ಸರ್ಕ್ಯೂಟ್ ಮಾಡಿ ತೋರಿಸಿದ ಮೇಲೆಯೇ ಹಡಗನ್ನು ಮಾಲೀಕರ ಕೈಗೆ ಒಪ್ಪಿಸಬೇಕು.