ಎರಡನೇ ಕ್ಲಾಸಿನ ಆಲೆಮನೆ

ಬೆಳಗ್ಗೆ 8.45. ಬಸ್ಸಿಳಿದು ನಾಲೆ ಏರಿ ಮೇಲೆ ಹತ್ತು ನಿಮಿಷ ನಡೆದ್ರೆ ನಮ್ಮ ಶಾಲೆ. ಎರಡೂ ಕಡೆ ಕಬ್ಬು. ಈ ತಿಂಗಳಲ್ಲಿ ಗಾಳೀಲೆಲ್ಲ ಬೆಲ್ಲ ಕಾಯೋ ವಾಸನೆ. ಅದೊಂದನ್ನ ಮಾತ್ರ ಈ ವೀಡಿಯೊದಲ್ಲಿ ನಿಮಗೆ ತಲುಪಿಸೋಕೆ ಆಗ್ತಿಲ್ಲ.

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದು. ನಾನಿಲ್ಲಿ ಅತಿಥಿ ಶಿಕ್ಷಕಿ, ಇದು ಎರಡನೇ ವರ್ಷ. ಒಂದು, ಎರಡು, ಮೂರನೇ ಕ್ಲಾಸಿನ 19 ಮಕ್ಕಳು ಒಂದೇ ಕೋಣೆಯಲ್ಲಿ ಕೂರ್ತಾರೆ. ಅವರ ಮುಖ ತೋರಿಸಲ್ಲ, ಹೆಸರೂ ಹೇಳಲ್ಲ. ಕೈಗಳನ್ನ ನೋಡಿ, ಅವರ ಪುಸ್ತಕ ನೋಡಿ. ಇವತ್ತು ನಾನು ಮಾತಾಡಬೇಕು ಅಂದ್ಕೊಂಡಿರೋದು ಆ ಕೈಗಳ ಬಗ್ಗೆನೇ. ಮಕ್ಕಳಿಗೆ ಬರೆಯೋದನ್ನ ಹೇಗೆ ಹೇಳಿಕೊಡಬೇಕು ಅಂತ ನಾನು ಇನ್ನೂ ಕಲೀತಾ ಇದೀನಿ.

ಈ ಕೋಣೆಯನ್ನ ಸ್ವಲ್ಪ ತೋರಿಸ್ತೀನಿ. ನಲಿ-ಕಲಿ ಅಂದ್ರೆ ಆಡ್ತಾ ಕಲಿಯೋ ಪದ್ಧತಿ. ಅಂಥ ಕೋಣೆ ನೋಡದೇ ಇರೋರಿಗೆ ಇದು ಸಂತೆ ಥರ ಕಾಣಬಹುದು. ಮಕ್ಕಳು ಸಾಲಾಗಿ ಕೂರಲ್ಲ, ಐದು ತಟ್ಟೆ, ಅಂದ್ರೆ ಐದು ಗುಂಪು. ಆ ಗೋಡೆ ಮೇಲಿರೋದು ಕಲಿಕಾ ಏಣಿ. ಪ್ರತಿ ಮಗುವೂ ತನ್ನ ಮೆಟ್ಟಿಲು ಯಾವುದು ಅಂತ ತಾನೇ ನೋಡ್ಕೊಂಡು ಕಾರ್ಡ್ ತಗೊಂಡು ಬರುತ್ತೆ. ತಲೆ ಮೇಲೆ ದಾರದಲ್ಲಿ ಮಕ್ಕಳ ಹಾಳೆಗಳು ತೂಗ್ತಿವೆಯಲ್ಲ, ಅದು ಕಲಿಕಾ ಚಪ್ಪರ. ಕೆಳಗೆ ಗೋಡೆ ಉದ್ದಕ್ಕೂ ಕಪ್ಪು ಬಣ್ಣ ಬಳಿದಿದೀವಲ್ಲ, ಅದು ಮಕ್ಕಳ ಹಲಗೆ, ಅವರ ಎತ್ತರಕ್ಕೆ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಇದರಲ್ಲಿ ನನಗೆ ತುಂಬ ಇಷ್ಟವಾಗೋದು ಅಕ್ಷರಗಳ ಕ್ರಮ. ಅ, ಆ, ಇ, ಈ ಅಂತ ಶುರುವಾಗಲ್ಲ. ರ, ಗ, ಸ, ದ, ಅ. ಯಾಕೆ ಅಂತ ನಾನೂ ಮೊದಮೊದಲು ಕೇಳಿದ್ದೆ. ರ ಬರೆದು ನೋಡಿ, ಒಂದು ದುಂಡು, ಒಂದು ತಲೆಕಟ್ಟು. ಗ ಇನ್ನೂ ಸುಲಭ. 'ಅ' ಬರೆಯೋಕೆ ಐದು ವರ್ಷದ ಕೈ ಎಷ್ಟು ತಿರುಗಬೇಕು ಯೋಚನೆ ಮಾಡಿ. ಜೊತೆಗೆ ಈ ಐದೇ ಅಕ್ಷರ ಬಂದ್ರೆ ಸಾಕು, ಸರ, ದರ, ಅರಸ, ಗರಗಸ. ಮಗು ಬೇಗನೇ ಪದ ಬರೀತಾ ಇರುತ್ತೆ. 49 ಅಕ್ಷರ ಮುಗಿಯೋ ತನಕ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ನಾನು ಹೋದ ವರ್ಷ ಮಾಡಿದ್ದು ಏನು ಗೊತ್ತಾ? ಬೋರ್ಡ್ ಮೇಲೆ ಬರೆಯೋದು, 'ಬರ್ಕೊಳ್ಳಿ' ಅನ್ನೋದು. ಪುಸ್ತಕ ತುಂಬ್ತಾ ಹೋಯ್ತು. ತುಂಬಿದ ಪುಸ್ತಕ ನೋಡಿದ್ರೆ ಎಲ್ಲರಿಗೂ ಸಮಾಧಾನ, ನನಗೂ.

ಎರಡನೇ ಕ್ಲಾಸಲ್ಲಿ ಒಬ್ಬ ಹುಡುಗ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಯಾರು ಬಂದ್ರೂ ಮೊದಲು ಅವನ ಪುಸ್ತಕವನ್ನೇ ತೋರಿಸ್ತಿದ್ದೆ. ಒಂದು ದಿನ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ಅವನು ಬರೆಯೋದನ್ನೇ ನೋಡಿದೆ. 'ಶಾಲೆ' ಅನ್ನೋ ಪದ. ಬೋರ್ಡ್ ನೋಡ್ದ, ಒಂದು ಗೆರೆ ಎಳೆದ. ಮತ್ತೆ ಬೋರ್ಡ್ ನೋಡ್ದ, ಇನ್ನೊಂದು ಗೆರೆ. ಶ ಅನ್ನೋದನ್ನ ಕೆಳಗಿಂದ ಮೇಲಕ್ಕೆ ಎಳೆದ. ಲೆ ಬರೆಯೋವಾಗ ಮೊದಲು ಮೇಲಿನ ಏತ್ವ ಎಳೆದು ಆಮೇಲೆ ಅದರ ಕೆಳಗೆ ಲ ತಂದು ಸೇರಿಸ್ದ. ಅವರಮ್ಮ ಬಾಗಿಲಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೀತಾರಲ್ಲ, ಹಾಗೆ. ಚೆಂದವಾಗಿ ಮುಗಿಸಿದ ಮೇಲೆ 'ಏನಪ್ಪ ಇದು, ಓದು' ಅಂದೆ. ಅವನಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಎಲ್ಲರಿಗೂ ಬಿಳಿ ಹಾಳೆ ಕೊಟ್ಟೆ. 'ಭಾನುವಾರ ಏನು ಮಾಡಿದ್ರಿ, ಬರೀರಿ' ಅಂದೆ. ಇವನು ಹೆಸರು ಬರೆದ, ತರಗತಿ ಬರೆದ. ಪೆನ್ಸಿಲ್ ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ದ. ಆಮೇಲೆ ಕೇಳಿದ: 'ಮಿಸ್, ಬೋರ್ಡ್ ಮೇಲೆ ಬರೀರಿ. ನಾನು ಬರ್ಕೋತೀನಿ.'

ಅವನು ಭಾನುವಾರ ಏನು ಮಾಡ್ದ ಅಂತ ನಾನು ಬೋರ್ಡ್ ಮೇಲೆ ಬರೀಬೇಕಂತೆ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವನಿಗೆ ಹಾಗೆ ಅನ್ನಿಸೋ ಥರ ಮಾಡಿದ್ದು ನಾನೇ.

ಊಟದ ಹೊತ್ತಲ್ಲಿ ಸುಮ್ಮನೆ ಕೇಳಿದೆ, ಭಾನುವಾರ ಎಲ್ಲಿಗೆ ಹೋಗಿದ್ದೆ ಅಂತ. ಶುರು ಮಾಡ್ದ ನೋಡಿ! ಅವರಪ್ಪ ಆಲೆಮನೆಯಲ್ಲಿ ಕೆಲಸ ಮಾಡೋದು. ಗಾಣಕ್ಕೆ ಕಬ್ಬು ಕೊಡೋವಾಗ ಕೈ ಎಷ್ಟು ದೂರ ಇಡಬೇಕು, ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದ ಮೇಲೆ ಎಷ್ಟು ಹೊತ್ತು ಕುದೀಬೇಕು, ಒಲೆಗೆ ಅದೇ ಕಬ್ಬಿನ ಸಿಪ್ಪೆ ಒಣಗಿಸಿ ಹಾಕ್ತಾರೆ, ಕೊಳೆ ಮೇಲಕ್ಕೆ ಬರಲಿ ಅಂತ ಬೆಂಡೆ ಗಿಡದ ಲೋಳೆ ಬಿಡ್ತಾರೆ, ನೊರೆ ತೆಗೆಯೋ ಜಾಲರಿ ಎಷ್ಟು ಉದ್ದ, ಪಾಕ ಬಂತಾ ಅಂತ ನೀರಲ್ಲಿ ಹಾಕಿ ನೋಡೋದು ಹೇಗೆ. ಏಳು ವರ್ಷದ ಮಗು, ಹತ್ತು ನಿಮಿಷ ಎಡವದೆ ಹೇಳ್ತು. ಒಂದಾದ ಮೇಲೊಂದು, ಕ್ರಮವಾಗಿ. ದೊಡ್ಡ ಕ್ಲಾಸಲ್ಲಿ ನಾವು ಪ್ರಬಂಧ ಅಂತ ಕಲಿಸ್ತೀವಲ್ಲ, ಅದು ಅವನ ಬಾಯಲ್ಲಿ ಆಗಲೇ ಇತ್ತು.

'ಇದನ್ನೇ ಬರಿ' ಅಂದೆ. ಬರೆದ. ಇದೇ ಆ ಹಾಳೆ, ಇಟ್ಕೊಂಡಿದೀನಿ. 'ನಮಪ ಆಲೆಮನಗ ಓಯತರ. ನಾನು ಓಗತಿನಿ. ಬೆಲ ಬಿಸಿ.' ಮೂರು ಸಾಲು.

ಇಲ್ಲಿ ನಾನು ತಪ್ಪು ಮಾಡಿದೆ. ಕೆಂಪು ಪೆನ್ನು ತಗೊಂಡೆ. ಒತ್ತು ಇಲ್ಲದ ಕಡೆ ಸುತ್ತು ಹಾಕಿದೆ, 'ಓಗತಿನಿ'ಗೆ ಸುತ್ತು ಹಾಕಿದೆ. ಹ ಬರೋ ಪದಗಳನ್ನ ಐದೈದು ಸಲ ಬರೆಸಿದೆ. ಹಾಲು, ಹಸು, ಹೋಗು, ಹಗ್ಗ. ಮುಂದಿನ ವಾರ ಅವನು ಬರೆದಿದ್ದು 'ಹಾಲೆಮನೆ'. ಆಲೆಮನೆಯ 'ಆ' ಸರಿಯಾಗಿ ಬರೀತಿದ್ದ ಮಗು, ನಾನು ತಿದ್ದಿದ ಮೇಲೆ ಅದನ್ನೂ ಕಳ್ಕೊಂಡ. ಅದಕ್ಕೂ ಸುತ್ತು ಹಾಕಿದೆ. ಅದರ ಮುಂದಿನ ವಾರ ಅವನ ಹಾಳೇಲಿ ಇದ್ದಿದ್ದು ಇಷ್ಟು: 'ಇದು ಹಸು. ಹಸು ಹಾಲು ಕೊಡುತ್ತದೆ.' ಒಂದೂ ತಪ್ಪಿಲ್ಲ. ಅವನ ಮನೇಲಿ ಹಸುನೇ ಇಲ್ಲ.

ಆ ಹ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಈ ಕಡೆ ಪಾಠ ಮಾಡೋರಿಗೆಲ್ಲ ಇದು ದಿನಾ ಎದುರಾಗುತ್ತೆ. ನಮ್ಮ ಹಳ್ಳಿಗಳ ಮಾತಲ್ಲಿ ಪದದ ಮೊದಲಿನ ಹ ಇಲ್ಲ. ಆಲು, ಅಸು, ಓಗು, ಅಕ್ಕಿ ಆರ್‍ತು. 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆಯಲ್ಲಿ ಹಾಲು ಕೊಡ್ತಾರಲ್ಲ, ಮಕ್ಕಳು ಲೋಟ ಹಿಡ್ಕೊಂಡು ಓಡಿ ಬಂದು 'ಮಿಸ್, ಆಲು' ಅಂತಾರೆ. ಕನ್ನಡ ಹೇಳಿದ ಹಾಗೆ ಬರೆಯೋ ಭಾಷೆ ಅಂತ ನಾವೇ ಅವರಿಗೆ ಹೇಳಿಕೊಟ್ಟಿರ್‍ತೀವಿ. ಆ ಮಗು ತಾನು ಹೇಳಿದ ಹಾಗೇ ಬರೆದಿತ್ತು. ಅದರ ಕಿವಿ ಸರಿ ಇತ್ತು, ಅಕ್ಷರವೂ ಸರಿ ಇತ್ತು. ಪುಸ್ತಕದ ಕನ್ನಡ ಬೇರೆ ಯಾರದೋ ಬಾಯಿಂದ ಬಂದಿದೆ, ಅಷ್ಟೇ. ಧಾರವಾಡದ ಕಡೆ ಮಗು 'ಅವ್ವ ಹೊಲಕ್ಕ ಹೋಗ್ಯಾಳ' ಅಂತ ಬರೆದಾಗ್ಲೂ ಇದೇ ಪ್ರಶ್ನೆ. ಮಂಗಳೂರಿನ ಕಡೆ ಮನೇಲಿ ತುಳು ಮಾತಾಡೋ ಮಗುವಿಗೆ ಇನ್ನೂ ದೂರ.

ಹ ಕಲಿಸೋದು ಬೇಡ ಅಂತ ಅಲ್ಲ, ಕಲಿಸಲೇಬೇಕು. ನಾಳೆ ಅವನು ಅರ್ಜಿ ಬರೀಬೇಕು, ಪರೀಕ್ಷೆ ಬರೀಬೇಕು. ಈಗ ನಾನು ಹೇಳೋದು ಹೀಗೆ: 'ಮನೇಲಿ ಆಲು ಅಂತೀವಿ. ಪುಸ್ತಕದಲ್ಲಿ ಹಾಲು ಅಂತ ಬರೀತಾರೆ. ಎರಡೂ ನಿಂದೇ.' ಗೋಡೆ ಹಲಗೆ ಮೇಲೆ ಎರಡು ಮನೆ ಚಿತ್ರ ಬಿಡಿಸಿದೀವಿ. ಒಂದು ನಮ್ಮನೆ, ಒಂದು ಪುಸ್ತಕದ ಮನೆ. ಪದ ಸಿಕ್ಕಿದಾಗ್ಲೆಲ್ಲ ಮಕ್ಕಳೇ ಹೋಗಿ ಎರಡೂ ಕಡೆ ಬರೀತಾರೆ. ಆಲೆಮನೆ ಎರಡೂ ಮನೇಲೂ ಒಂದೇ ಥರ ಇರುತ್ತೆ ಅಂತ ಕಂಡುಹಿಡಿದಿದ್ದು ಮೂರನೇ ಕ್ಲಾಸಿನ ಒಬ್ಬಳು ಹುಡುಗಿ.

ದಾರಿ ತೋರಿಸಿದ್ದು ಪಕ್ಕದ ಊರಿನ ಒಬ್ಬರು ಹಿರಿಯ ಟೀಚರ್. ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರೋ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಸಿಕ್ಕಿದ್ರು. ತಮ್ಮ ಮಕ್ಕಳ ಪುಸ್ತಕ ಕೈಗೆ ಕೊಟ್ಟು ಸುಮ್ಮನಾದ್ರು. ಎಡಗಡೆ ಪುಟದಲ್ಲಿ ಚಿತ್ರ, ಬಲಗಡೆ ಬರಹ, ಕೆಳಗೆ ನೀಲಿ ಪೆನ್ನಲ್ಲಿ ಟೀಚರ್ ಕೇಳಿದ ಒಂದು ಪ್ರಶ್ನೆ. ನಾಯಿ ಮರಿ ಹಾಕ್ತು ಅಂತ ಒಂದು ಮಗು ಬರೆದಿದೆ, ಕೆಳಗೆ 'ಎಷ್ಟು ಮರಿ? ಯಾವ ಬಣ್ಣ?' ಅಷ್ಟೇ. ಮಾರನೇ ದಿನ ಆ ಮಗು ಉತ್ತರ ಬರೆದಿದೆ. ಪುಟ ತಿರುಗಿಸ್ತಾ ಹೋದ ಹಾಗೆ ಸಾಲುಗಳು ಉದ್ದ ಆಗ್ತಾ ಹೋಗಿವೆ. ಬಸ್ಸಿಗೆ ಹೊತ್ತಾಯ್ತು ಅಂತ ಯಾರೋ ಕರೆದ್ರು, ನನಗೆ ಆ ಪುಸ್ತಕ ಬಿಡೋಕೆ ಮನಸ್ಸಿರಲಿಲ್ಲ.

ಆಮೇಲೆ ಹುಡುಕಿ ಓದೋಕೆ ಶುರು ಮಾಡಿದೆ. ನ್ಯೂಜಿಲೆಂಡ್‌ನಲ್ಲಿ ಸಿಲ್ವಿಯಾ ಆಶ್ಟನ್ ವಾರ್ನರ್ ಅಂತ ಒಬ್ಬ ಟೀಚರ್ ಇದ್ರು. ಮಾವೋರಿ ಮಕ್ಕಳಿಗೆ ಪಾಠ ಹೇಳ್ತಿದ್ದವರು. ಒಬ್ಬೊಬ್ಬ ಮಗುವನ್ನೂ ಕರೆದು 'ನಿನಗೆ ಯಾವ ಪದ ಬೇಕು?' ಅಂತ ಕೇಳೋರಂತೆ. ಮಗು ಹೇಳಿದ ಪದವನ್ನ ಒಂದು ದಪ್ಪ ಕಾರ್ಡ್ ಮೇಲೆ ಬರೆದು ಅದಕ್ಕೇ ಕೊಡೋದು. ಅದು ಆ ಮಗುವಿನ ಪದ. ಭಯ, ಪ್ರೀತಿ, ಮನೆಯವರು, ಅಂಥ ಪದಗಳೇ ಮಕ್ಕಳ ಮನಸ್ಸಲ್ಲಿ ನಿಲ್ಲೋದು ಅಂತ ಅವರು ಕಂಡ್ಕೊಂಡಿದ್ರು. ನಾನೂ ಒಂದು ಸೋಮವಾರ ಹಳೇ ಲಗ್ನಪತ್ರಿಕೆಗಳನ್ನ ಕತ್ತರಿಸಿ ಕಾರ್ಡ್ ಮಾಡ್ಕೊಂಡು ಹೋದೆ. ಕೇಳಿದ ಪದಗಳು: ಅಜ್ಜಿ, ಹಾವು, ಟ್ರ್ಯಾಕ್ಟರ್, ಮೊಬೈಲ್, ಮಾರಿಹಬ್ಬ. ಒಬ್ಬಳು ಮಗು ತುಂಬ ಹೊತ್ತು ಯೋಚನೆ ಮಾಡಿ 'ಬೆಂಗಳೂರು' ಅಂತು. ಅವರಮ್ಮ ಅಲ್ಲಿ ಗಾರ್ಮೆಂಟ್ಸ್‌ಗೆ ಹೋಗಿದಾರೆ. ಗೂ ಅಲ್ಲ ಗ, ಳೂ ಮಾತ್ರ ದೀರ್ಘ ಅಂತ ಆ ಮಗುವಿಗೆ ನಾನು ಒಂದೇ ಸಲ ಹೇಳಿದ್ದು. ಆಮೇಲೆ ಒಂದು ಸಲಾನೂ ತಪ್ಪಿಲ್ಲ.

ಹಳೇದನ್ನೆಲ್ಲ ಬಿಟ್ಟಿಲ್ಲ ನಾನು. ಕಾಗುಣಿತ ಈಗಲೂ ಹೇಳಿಸ್ತೀನಿ, ಈಗ ಕೇಳ್ತಿರೋದು ಅದೇ. 'ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ.' 34 ವ್ಯಂಜನಕ್ಕೆ ಕಾಗುಣಿತ ಸೇರಿದ್ರೆ 400ಕ್ಕೂ ಹೆಚ್ಚು ರೂಪ. ಒಂದೊಂದನ್ನೂ ಬೇರೆ ಬೇರೆ ಚಿತ್ರ ಅಂತ ನೆನಪಿಟ್ಟುಕೊಳ್ಳೋಕೆ ಯಾವ ಮಗುವಿಗೂ ಸಾಧ್ಯ ಇಲ್ಲ. ಈ ಹಾಡೇ ಅದಕ್ಕೆ ಕೀಲಿಕೈ. ಗುಡಿಸು ಎಲ್ಲಿ ಕೂತ್ರೂ ಇ ಧ್ವನಿ ಅಂತ ಒಮ್ಮೆ ಹೊಳೆದ್ರೆ ಸಾಕು. ಒಂದನೇ ಕ್ಲಾಸಿನವರಿಗೆ ತಟ್ಟೇಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಸ್ತೀನಿ. ಆಮೇಲೆ ಬಳಪ, ಆಮೇಲೆ ಪೆನ್ಸಿಲ್. ಎಳೇ ಬೆರಳಿಗೆ ಪೆನ್ಸಿಲ್ ಹಿಡಿಯೋದೇ ನೇಗಿಲು ಹಿಡಿದಷ್ಟು ಶ್ರಮ.

ತಿದ್ದೋದೂ ಇದೆ. ಆದ್ರೆ ವಾರಕ್ಕೆ ಒಂದೇ ವಿಷಯ. ಈ ವಾರ ಒತ್ತು ಅಂದ್ರೆ ಒತ್ತು ಮಾತ್ರ. 'ಅಮ' ಅಂತ ಬರೆದ ಮಗುವಿಗೆ ಚಪ್ಪಾಳೆ ತಟ್ಟಿ ಹೇಳೋಕೆ ಹೇಳ್ತೀನಿ. ಅಮ್, ಮ. ತುಟಿ ಒಂದು ಕ್ಷಣ ಮುಚ್ಚಿಕೊಂಡೇ ಇರುತ್ತಲ್ಲ, ಅಲ್ಲೇ ಒತ್ತು ಇರೋದು. ಮಗುವಿನ ಮುಖ ನಿಮಗೆ ತೋರಿಸೋಕೆ ಆಗಲ್ಲ, ಆದ್ರೆ ತನ್ನ ತುಟಿಯಲ್ಲೇ ಉತ್ತರ ಇತ್ತು ಅಂತ ಗೊತ್ತಾದಾಗ ಅದು ಹೇಗೆ ನಗುತ್ತೆ ಅನ್ನೋದನ್ನ ನೀವು ಊಹಿಸಿಕೊಳ್ಳಿ.

ಅಕ್ಟೋಬರ್‌ನಲ್ಲಿ ಒಬ್ಬರು ಅಪ್ಪ ಬಂದ್ರು. 'ಮೇಡಂ, ತಪ್ಪು ಬರೆದಿದಾನೆ, ನೀವು ನೋಡೇ ಇಲ್ವಾ?' ಅಂದ್ರು. ಅವರ ಕೋಪ ನನಗೆ ಅರ್ಥ ಆಯ್ತು. ಮಗ ಚೆನ್ನಾಗಿ ಓದಲಿ ಅಂತ ಕಬ್ಬಿನ ಗದ್ದೆಯಿಂದ ಹಾಗೇ ಬಂದಿದ್ರು, ಕಾಲಲ್ಲಿ ಇನ್ನೂ ಕೆಸರಿತ್ತು. ಜೂನ್ ತಿಂಗಳ ಹಾಳೆ, ಸೆಪ್ಟೆಂಬರ್ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಜೂನ್‌ನಲ್ಲಿ ನಾಲ್ಕು ಪದ, ಎಲ್ಲ ಬೋರ್ಡಿಂದ ಇಳಿಸಿದ್ದು. ಸೆಪ್ಟೆಂಬರ್‌ನಲ್ಲಿ ಹನ್ನೊಂದು ಸಾಲು, ಅವರ ಮನೆ ಮೇಕೆ ಕಳೆದುಹೋಗಿ ಸಿಕ್ಕ ಕಥೆ. ಅವರು ನಿಂತ್ಕೊಂಡೇ ಓದಿದ್ರು. 'ಇದೆಲ್ಲ ಇವನಿಗೆ ಗೊತ್ತಾ' ಅಂತ ಅಂದು, ಆ ಹಾಳೆ ಮನೆಗೆ ಕೊಡ್ತೀರಾ ಅಂತ ಕೇಳಿದ್ರು.

ಬರೆದಿದ್ದನ್ನ ಓದೋಕೆ ಒಬ್ಬರು ಇರಬೇಕು, ಅದೂ ನಿಜವಾಗಿ ಓದೋರು. ಈಗ ಶುಕ್ರವಾರ ಮಕ್ಕಳು ಅಡುಗೆ ಅಮ್ಮನಿಗೆ ಚೀಟಿ ಬರೀತಾರೆ. 'ಸಾರು ಕಾರ', 'ಮೊಟೆ ಚನಾಗಿತು' ಅಂತೆಲ್ಲ. ಅವರು ಏಳನೇ ಕ್ಲಾಸ್ ತನಕ ಓದಿದವರು, ಒಲೆ ಮುಂದೆ ಕೂತು ನಿಧಾನಕ್ಕೆ ಓದ್ತಾರೆ. 'ಮೊಟೆ ಅಂದ್ರೇನವ್ವ?' ಅಂತ ನಿಜವಾಗ್ಲೂ ಅರ್ಥ ಆಗದೆ ಕೇಳಿದಾಗ ಆ ಮಗು ಕಿತ್ಕೊಂಡು ಹೋಗಿ ಟ ಒತ್ತು ಹಾಕ್ಕೊಂಡು ಬಂತು. ನನ್ನ ಕೆಂಪು ಪೆನ್ನು ಒಂದು ವರ್ಷದಲ್ಲಿ ಮಾಡದ ಕೆಲಸ ಅದು.

ಆಲೆಮನೆ ಹುಡುಗ? ಹಸುವಿಂದ ಅವನನ್ನ ವಾಪಸ್ ಕರ್ಕೊಂಡು ಬರೋಕೆ ಎರಡು ತಿಂಗಳಾಯ್ತು. ಮೊದಲು ಅವನು ಹೇಳಿದ್ದನ್ನ ಅವನ ಮಾತಲ್ಲೇ ನಾನು ಬರ್ಕೊಂಡೆ, ಅವನು ಓದ್ದ. ಅವನ ಮಾತೇ ಆದ್ದರಿಂದ ಓದೋಕೆ ಬಂತು. ಆಮೇಲೆ ಒಂದು ಸಾಲು ನಾನು, ಒಂದು ಸಾಲು ಅವನು. ಈಗ ಒಬ್ಬನೇ ಬರೀತಾ ಇದಾನೆ, ದೊಡ್ಡ ಬರಹ ಅದು. ಚಪ್ಪರಕ್ಕೆ ತೂಗು ಹಾಕೋಕೆ ಅಂತ ನಾಲ್ಕು ಹಾಳೆ ಅಂಟಿಸಿ ಉದ್ದ ಮಾಡ್ಕೊಂಡಿದಾನೆ. ಅಕ್ಷರ ಮೊದಲಿನಷ್ಟು ಮುತ್ತಾಗಿಲ್ಲ, ಸಾಲು ಬೆಟ್ಟ ಹತ್ತಿ ಇಳಿಯುತ್ತೆ.

ಇವತ್ತು ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟು ಬಂದ. ಬಲಗೈಯಲ್ಲಿ ಸಾರು, ಎಡಗೈಯಲ್ಲಿ ಹಾಳೆ.

'ಮಿಸ್, ಕೊಪ್ಪರಿಗೆಗೆ ಒತ್ತು ಐತಾ?'

'ಹೇಳಿ ನೋಡು.'

'ಕೊಪ್... ಪರಿಗೆ.' ಇನ್ನೊಂದು ಸಲ ತುಟಿ ಮುಚ್ಚಿ ತೆರೆದು ನೋಡ್ಕೊಂಡ. 'ಐತೆ' ಅಂದ. ಓಡಿಹೋದ.